ಹೊಟ್ಟೆ ಕೊಯ್ಯದೆ ಗುಣವಾಗುವುದು ಯಾವುದು, ಕೊಯ್ಯಲೇಬೇಕಾದುದು ಯಾವುದು?

ಓದುಗರ ಪ್ರಶ್ನೆ – ವೈದ್ಯರ ಉತ್ತರ

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಓದುಗರು ಈ ಬಾರಿ ಬರೆದ ಪತ್ರಗಳಲ್ಲಿ ಹೆಚ್ಚಿನವು, ಹೊಟ್ಟೆಯ ಕಾಯಿಲೆಗಳಿಗೆ ಆಪರೇಷನ್ ಇಲ್ಲದೆ ಚಿಕಿತ್ಸೆ ಸಾಧ್ಯವೇ ಎಂಬ ಪ್ರಶ್ನೆಯನ್ನೇ ಬೇರೆ ಬೇರೆ ರೀತಿಯಲ್ಲಿ ಕೇಳಿವೆ. ಅವುಗಳಲ್ಲಿ ಕೆಲವನ್ನು ಆಯ್ದು ಉತ್ತರಿಸಿದ್ದೇನೆ. ಪತ್ರಗಳನ್ನು ಸಂಕ್ಷೇಪಿಸಲಾಗಿದೆ, ಹೆಸರುಗಳನ್ನು ಬಿಡಲಾಗಿದೆ.

ಪ್ರಶ್ನೆ: ನನ್ನ ತಾಯಿಯವರಿಗೆ 62 ವರ್ಷ. ಬಲಪಕ್ಕೆಯ ಕೆಳಗೆ ನೋವು ಬಂದು, ಕಣ್ಣು ಹಳದಿಯಾಯಿತು. ಕಾಮಾಲೆ ಎಂದು ಎರಡು ವಾರ ನಾಟಿ ಔಷಧಿ ಕೊಡಿಸಿದೆವು. ಕಡಿಮೆಯಾಗದೆ ಸ್ಕ್ಯಾನಿಂಗ್ ಮಾಡಿಸಿದಾಗ ಪಿತ್ತಕೋಶದಲ್ಲಿ ಹಲವು ಕಲ್ಲುಗಳಿವೆ, ಒಂದು ಕಲ್ಲು ಪಿತ್ತನಾಳಕ್ಕೆ ಜಾರಿದೆ ಎಂದರು. ಮೊದಲು ಬಾಯಿಯ ಮೂಲಕ ಪೈಪ್ ಬಿಟ್ಟು ಇಆರ್‌ಸಿಪಿ ಮಾಡಬೇಕು, ಆಮೇಲೆ ಪಿತ್ತಕೋಶದ ಆಪರೇಷನ್ ಆಗಬೇಕು ಎನ್ನುತ್ತಾರೆ. ಪೈಪಿನಲ್ಲೇ ಕಲ್ಲು ಬರುವುದಾದರೆ ಎಲ್ಲವನ್ನೂ ಒಮ್ಮೆಗೇ ತೆಗೆಯಬಾರದೇಕೆ? ಎರಡೆರಡು ಚಿಕಿತ್ಸೆ ಏಕೆ?
— ಓದುಗರು, ಮೂಡಿಗೆರೆ

ಉತ್ತರ: ನಿಮ್ಮ ತಾಯಿಯವರಿಗೆ ಎರಡು ಚಿಕಿತ್ಸೆ ಹೇಳಿರುವುದು, ಕಲ್ಲುಗಳು ಎರಡು ಬೇರೆ ಬೇರೆ ಜಾಗದಲ್ಲಿ ಇರುವುದರಿಂದ. ಲಿವರ್ ದಿನಕ್ಕೆ ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ ಪಿತ್ತರಸವನ್ನು ಉತ್ಪಾದಿಸಿ, ಪಿತ್ತನಾಳದ ಮೂಲಕ ಸಣ್ಣಕರುಳಿಗೆ ಕಳುಹಿಸುತ್ತದೆ. ಈ ನಾಳಕ್ಕೆ ಕವಲಾಗಿ ಅಂಟಿಕೊಂಡಿರುವ ಸಣ್ಣ ಚೀಲವೇ ಪಿತ್ತಕೋಶ. ಸಾಮಾನ್ಯವಾಗಿ ಕಲ್ಲು ಹುಟ್ಟುವುದು ಈ ಚೀಲದಲ್ಲಿ. ಅಲ್ಲಿಂದ ಒಂದು ಕಲ್ಲು ಜಾರಿ ಮುಖ್ಯ ನಾಳಕ್ಕೆ ಬಂದು ಅಡ್ಡ ನಿಂತಾಗ ಪಿತ್ತರಸ ಹಿಂದಕ್ಕೆ ಕಟ್ಟಿಕೊಂಡು ರಕ್ತಕ್ಕೆ ಸೇರುತ್ತದೆ, ಕಣ್ಣು ಹಳದಿಯಾಗುತ್ತದೆ, ಮೂತ್ರ ಗಾಢ ಬಣ್ಣಕ್ಕೆ ತಿರುಗುತ್ತದೆ, ಮಲ ಬಿಳಿಚುತ್ತದೆ, ಕೆಲವರಿಗೆ ಮೈಯೆಲ್ಲ ತುರಿಕೆ ಶುರುವಾಗುತ್ತದೆ.

ಇಆರ್‌ಸಿಪಿಯಲ್ಲಿ ವೈದ್ಯರು ಎಂಡೋಸ್ಕೋಪನ್ನು (ತುದಿಯಲ್ಲಿ ಕ್ಯಾಮೆರಾ ಇರುವ, ಬಾಗುವ ಕೊಳವೆಯನ್ನು) ಬಾಯಿ, ಅನ್ನನಾಳ, ಜಠರಗಳ ಮೂಲಕ ಸಣ್ಣಕರುಳಿನ ಮೊದಲ ಭಾಗಕ್ಕೆ ಒಯ್ದು, ಪಿತ್ತನಾಳ ಕರುಳಿಗೆ ತೆರೆದುಕೊಳ್ಳುವ ಚಿಕ್ಕ ಬಾಯಿಯನ್ನು ಗುರುತಿಸುತ್ತಾರೆ. ಆ ಬಾಯಿಯನ್ನು ವಿದ್ಯುತ್ ತಂತಿಯಿಂದ ಸ್ವಲ್ಪ ಅಗಲಿಸಿ, ಎಕ್ಸ್‌ರೇ ನೋಡುತ್ತಾ, ಬಲೂನಿನಿಂದಲೋ ತಂತಿಯ ಬುಟ್ಟಿಯಿಂದಲೋ ಕಲ್ಲನ್ನು ಕರುಳಿಗೆ ಎಳೆದು ಬಿಡುತ್ತಾರೆ. ಅದು ಮಲದೊಂದಿಗೆ ಹೊರಹೋಗುತ್ತದೆ. ನಾಳದ ಬಾಯಿಯನ್ನು ಹೀಗೆ ಅಗಲಿಸುವ ವಿಧಾನ 1974ರಲ್ಲಿ ಜರ್ಮನಿ ಮತ್ತು ಜಪಾನುಗಳಲ್ಲಿ ವರದಿಯಾಯಿತು. ಅದಕ್ಕೂ ಮೊದಲು ಇದೇ ಕಲ್ಲನ್ನು ತೆಗೆಯಲು ಹೊಟ್ಟೆಯನ್ನು ಉದ್ದಕ್ಕೆ ಕೊಯ್ದು, ನಾಳವನ್ನು ಸೀಳಿ, ರಬ್ಬರ್ ಟ್ಯೂಬ್ ಇಟ್ಟು, ರೋಗಿಯನ್ನು ವಾರಗಟ್ಟಲೆ ಆರೈಕೆ ಮಾಡಬೇಕಾಗುತ್ತಿತ್ತು. ಹಾಗಾಗಿ ನಾಳದ ಕಲ್ಲಿನ ಮಟ್ಟಿಗೆ ಎಂಡೋಸ್ಕೋಪಿ ಶಸ್ತ್ರಚಿಕಿತ್ಸೆಗೆ ನಿಜವಾದ ಬದಲಿಯಾಗಿದೆ.

ಆದರೆ ಪಿತ್ತಕೋಶವನ್ನು ನಾಳಕ್ಕೆ ಸೇರಿಸುವ ಕೊಳವೆ ಬಹಳ ಸಪೂರ ಮತ್ತು ಸುರುಳಿಯಾದುದು. ಅದರೊಳಗೆ ಉಪಕರಣ ನುಗ್ಗಿಸಿ ಚೀಲದ ಕಲ್ಲುಗಳನ್ನೆಲ್ಲ ಹೊರತರುವುದು ರೂಢಿಯ ಚಿಕಿತ್ಸೆಯಲ್ಲ. ತೆಗೆದರೂ, ಕಲ್ಲು ಕಟ್ಟುವ ಚೀಲ ಅಲ್ಲೇ ಉಳಿದರೆ ಮತ್ತೆ ಕಲ್ಲು ಕಟ್ಟುತ್ತದೆ. ಆದ್ದರಿಂದ ನಾಳವನ್ನು ತೆರವು ಮಾಡಿದ ಮೇಲೆ, ಸಾಧ್ಯವಾದರೆ ಅದೇ ದಾಖಲಾತಿಯಲ್ಲಿ ಅಥವಾ ಒಂದೆರಡು ವಾರದೊಳಗೆ, ಲ್ಯಾಪರೋಸ್ಕೋಪಿಯ ಮೂಲಕ ಪಿತ್ತಕೋಶವನ್ನೇ ತೆಗೆಯುತ್ತಾರೆ. 1980ರ ದಶಕದ ಉತ್ತರಾರ್ಧದಲ್ಲಿ ಯುರೋಪಿನಲ್ಲಿ ಆರಂಭವಾದ ಈ ವಿಧಾನದಲ್ಲಿ ಸಾಮಾನ್ಯವಾಗಿ ನಾಲ್ಕು ಸಣ್ಣ ರಂಧ್ರಗಳಷ್ಟೇ ಆಗುತ್ತವೆ, ಹೆಚ್ಚಿನವರು ಒಂದೆರಡು ದಿನಗಳಲ್ಲಿ ಮನೆಗೆ ಹೋಗುತ್ತಾರೆ. ಪಿತ್ತಕೋಶವಿಲ್ಲದಿದ್ದರೆ ಜೀರ್ಣಶಕ್ತಿ ಹೋಗಿಬಿಡುತ್ತದೆ ಎಂಬ ಭಯ ಬೇಡ. ಪಿತ್ತರಸ ತಯಾರಾಗುವುದು ಲಿವರಿನಲ್ಲಿ, ಚೀಲ ಅದನ್ನು ಶೇಖರಿಸುತ್ತಿತ್ತು ಅಷ್ಟೇ. ಹೃದಯ ಅಥವಾ ಶ್ವಾಸಕೋಶದ ತೀವ್ರ ಕಾಯಿಲೆಯಿಂದ ಅರಿವಳಿಕೆ ತಾಳಲಾರದವರಲ್ಲಿ ಮಾತ್ರ ಇಆರ್‌ಸಿಪಿಗೇ ನಿಲ್ಲಿಸಿ ಕಾಯುವುದುಂಟು.

ಇಆರ್‌ಸಿಪಿ ಗಾಯವಿಲ್ಲದ ಚಿಕಿತ್ಸೆಯೆಂದು ಅದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ನೂರರಲ್ಲಿ ಸುಮಾರು 3ರಿಂದ 10 ಜನರಿಗೆ ಆನಂತರ ಮೇದೋಜೀರಕ ಗ್ರಂಥಿ ಊದಿಕೊಂಡು ನೋವು ಬರುತ್ತದೆ. ಬಹುಪಾಲು ಜನರಲ್ಲಿ ಅದು ಕೆಲವೇ ದಿನಗಳಲ್ಲಿ ಇಳಿದರೂ, ಕೆಲವರಲ್ಲಿ ತೀವ್ರವಾಗುತ್ತದೆ. ರಕ್ತಸ್ರಾವ ಮತ್ತು ಕರುಳಿಗೆ ರಂಧ್ರ ಬೀಳುವುದು ಅಪರೂಪವಾದರೂ ಆಗಬಹುದು. ಈ ಕಾರಣಕ್ಕಾಗಿಯೇ ಕೇವಲ ಅನುಮಾನದ ಮೇಲೆ ಇಆರ್‌ಸಿಪಿ ಮಾಡುವುದಿಲ್ಲ. ಕಲ್ಲು ಇರುವುದು ಖಚಿತವಿಲ್ಲದಿದ್ದರೆ ಮೊದಲು ಎಂಆರ್‌ಸಿಪಿ ಎಂಬ ಸ್ಕ್ಯಾನ್ ಮಾಡಿಸುತ್ತಾರೆ. ನಿಮ್ಮ ತಾಯಿಯವರು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ವೈದ್ಯರಿಗೆ ತಪ್ಪದೆ ತಿಳಿಸಿ. ಕಾಮಾಲೆ ಬಹಳ ದಿನ ಉಳಿದಾಗ ವಿಟಮಿನ್ ಕೆ ಹೀರಿಕೆ ಕುಂದಿ ರಕ್ತ ಹೆಪ್ಪುಗಟ್ಟುವುದು ನಿಧಾನವಾಗುವುದರಿಂದ ಅದರ ಪರೀಕ್ಷೆಯೂ ಮೊದಲೇ ಆಗಬೇಕು.

ನಾಟಿ ಔಷಧಿಯ ವಿಷಯವನ್ನು ಬಿಡುವಂತಿಲ್ಲ. ವೈರಸ್ಸಿನಿಂದ ಬರುವ ಸಾಮಾನ್ಯ ಕಾಮಾಲೆ ಬಹುತೇಕರಲ್ಲಿ ತಾನಾಗಿಯೇ ಇಳಿಯುತ್ತದೆ. ಆ ದಿನಗಳಲ್ಲಿ ಯಾವ ಔಷಧಿ ಕುಡಿದಿರುತ್ತೇವೆಯೋ ಅದರಿಂದಲೇ ಗುಣವಾಯಿತು ಎಂಬ ನಂಬಿಕೆ ಮಲೆನಾಡಿನಲ್ಲಿ ಬಲವಾಗಿ ಬೇರೂರಿದೆ. ಕಲ್ಲು ಅಥವಾ ಗೆಡ್ಡೆ ಅಡ್ಡ ನಿಂತು ಬರುವ ಕಾಮಾಲೆ ಹಾಗೆ ಇಳಿಯುವುದಿಲ್ಲ. ಕಣ್ಣು ಹಳದಿಯಾದ ವಾರದೊಳಗೆ ಒಂದು ರಕ್ತಪರೀಕ್ಷೆ ಮತ್ತು ಒಂದು ಹೊಟ್ಟೆಯ ಸ್ಕ್ಯಾನಿಂಗ್ ಆಗಲೇಬೇಕು ಎಂದು ಈ ಅಂಕಣದ ಪ್ರತಿಯೊಬ್ಬ ಓದುಗರಲ್ಲೂ ಕೇಳಿಕೊಳ್ಳುತ್ತೇನೆ. ಕಾಮಾಲೆಯ ಜೊತೆಗೆ ಚಳಿಜ್ವರ ಬಂದರೆ ನಾಳದಲ್ಲಿ ಸೋಂಕಾಗಿದೆ ಎಂದೇ ತಿಳಿಯಬೇಕು. ಆಗ ವಾರ ಕಾಯುವ ಪ್ರಶ್ನೆಯೇ ಇಲ್ಲ. ಅದೇ ದಿನ ಆಸ್ಪತ್ರೆ ಸೇರಬೇಕು.

ಪ್ರಶ್ನೆ: ನಾನು ಕಾಫಿ ಬೆಳೆಗಾರ, 48 ವರ್ಷ. ಬೇರೆ ಕಾರಣಕ್ಕೆ ಮಾಡಿಸಿದ ಸ್ಕ್ಯಾನಿಂಗ್‌ನಲ್ಲಿ ಪಿತ್ತಕೋಶದಲ್ಲಿ 8 ಮಿಲಿಮೀಟರ್ ಕಲ್ಲು ಕಂಡಿದೆ. ಇದುವರೆಗೆ ನೋವು ಬಂದಿಲ್ಲ. ಕೊಯ್ಲು ಶುರುವಾಗುತ್ತಿದೆ. ಈಗಲೇ ಆಪರೇಷನ್ ಬೇಕೇ? ಕಿಡ್ನಿ ಕಲ್ಲಿನಂತೆ ಇದನ್ನೂ ಪುಡಿ ಮಾಡಲಾಗದೇ? ನಿಂಬೆರಸದ ಜೊತೆ ಆಲಿವ್ ಎಣ್ಣೆ ಕುಡಿದರೆ ಕಲ್ಲು ಬಿದ್ದುಹೋಗುತ್ತದೆ ಎಂದು ಸ್ನೇಹಿತರೊಬ್ಬರು ವಿಡಿಯೋ ಕಳುಹಿಸಿದ್ದಾರೆ.
— ಓದುಗರು, ಸಕಲೇಶಪುರ

ಉತ್ತರ: ನೋವೇ ಬಾರದ ಕಲ್ಲಿಗೆ ಸಾಮಾನ್ಯವಾಗಿ ಆಪರೇಷನ್ ಬೇಕಿಲ್ಲ. ಇಂಥ ಕಲ್ಲಿರುವವರಲ್ಲಿ ಹೆಚ್ಚಿನವರು ಜೀವನಪೂರ್ತಿ ತೊಂದರೆಯಿಲ್ಲದೆ ಇರುತ್ತಾರೆ. 3 ಸೆಂಟಿಮೀಟರಿಗಿಂತ ದೊಡ್ಡ ಕಲ್ಲು, ಕಲ್ಲಿನ ಜೊತೆಗೆ ದೊಡ್ಡ ಪಾಲಿಪ್ (ಒಳಗೋಡೆಯಲ್ಲಿ ಬೆಳೆದ ಗಂಟು), ಪಿತ್ತಕೋಶದ ಗೋಡೆಯಲ್ಲಿ ಸುಣ್ಣ ಕಟ್ಟಿರುವುದು, ಕೆಂಪುರಕ್ತಕಣಗಳು ಒಡೆಯುವ ಕಾಯಿಲೆಗಳು — ಇವಿದ್ದರೆ ಲೆಕ್ಕ ಬೇರೆಯಾಗುತ್ತದೆ. ಅವಾವುವೂ ಇಲ್ಲವೆಂದು ನಿಮ್ಮ ವೈದ್ಯರು ಹೇಳಿದ್ದರೆ ನೀವು ಧೈರ್ಯವಾಗಿ ಕೊಯ್ಲು ಮುಗಿಸಬಹುದು. ಆದರೆ ಒಮ್ಮೆ ನಿಜವಾದ ಪಿತ್ತದ ನೋವು ಬಂತೆಂದರೆ, ಎಂದರೆ ಊಟವಾದ ಮೇಲೆ ಹೊಟ್ಟೆಯ ಮೇಲ್ಭಾಗದಲ್ಲಿ ಅಥವಾ ಬಲಗಡೆ ಶುರುವಾಗಿ, ಬೆನ್ನಿಗೋ ಬಲಭುಜಕ್ಕೋ ಹರಡಿ, ಅರ್ಧ ಗಂಟೆಗಿಂತ ಹೆಚ್ಚು ಬಿಡದೆ ಕಾಡುವ ನೋವು ಬಂತೆಂದರೆ, ಅದು ಮರುಕಳಿಸುವ ಸಾಧ್ಯತೆ ಹೆಚ್ಚು. ಆಗ ಮುಂದೂಡಬೇಡಿ.

ಕಿಡ್ನಿಯ ಕಲ್ಲನ್ನು ಪುಡಿ ಮಾಡಿದರೆ ಚೂರುಗಳು ಮೂತ್ರದ ಹರಿವಿನೊಂದಿಗೆ ಹೊರಹೋಗುತ್ತವೆ. ಪಿತ್ತಕೋಶದ ಕಲ್ಲಿನ ಚೂರುಗಳಾದರೋ ಮೇಲೆ ಹೇಳಿದ ಸಪೂರ ಕೊಳವೆಯಲ್ಲಿ ಹಾದು ನಾಳಕ್ಕೆ ಬರಬೇಕು. ಅಲ್ಲಿ ಸಿಕ್ಕಿಕೊಂಡರೆ, ಇಲ್ಲದಿದ್ದ ಕಾಮಾಲೆಯನ್ನು ನಾವೇ ತಂದುಕೊಂಡಂತೆ. ಆ ವಿಧಾನವನ್ನು 1980ರ ದಶಕದಲ್ಲಿ ಪ್ರಯತ್ನಿಸಿ ಬಹುತೇಕ ಕೈಬಿಡಲಾಗಿದೆ. ಅರ್ಸೋಡಿಆಕ್ಸಿಕೋಲಿಕ್ ಆಮ್ಲದ ಮಾತ್ರೆ ಸುಣ್ಣ ಸೇರದ ಸಣ್ಣ ಕೊಲೆಸ್ಟ್ರಾಲ್ ಕಲ್ಲುಗಳನ್ನು ತಿಂಗಳುಗಟ್ಟಲೆ ತೆಗೆದುಕೊಂಡಾಗ ಕರಗಿಸಬಹುದು, ಆದರೆ ಮಾತ್ರೆ ನಿಲ್ಲಿಸಿದ ಐದು ವರ್ಷಗಳಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ ಕಲ್ಲು ಮರಳಿ ಬರುತ್ತದೆ. ಎಣ್ಣೆ ಮತ್ತು ನಿಂಬೆರಸ ಕುಡಿದ ಮೇಲೆ ಮಲದಲ್ಲಿ ಕಾಣುವ ಹಸಿರು ಉಂಡೆಗಳು ಪಿತ್ತದ ಕಲ್ಲುಗಳಲ್ಲ. ಕುಡಿದ ಎಣ್ಣೆಯೇ ಕರುಳಿನಲ್ಲಿ ಸಾಬೂನಿನಂತೆ ಗಟ್ಟಿಯಾಗಿ ಬಂದ ಉಂಡೆಗಳು. ಇಂಥವನ್ನು ಪರೀಕ್ಷಿಸಿ ನೋಡಿಯೇ ಈ ಮಾತನ್ನು ವೈದ್ಯಕೀಯ ನಿಯತಕಾಲಿಕದಲ್ಲಿ ದಾಖಲಿಸಿದ್ದಾರೆ.

ಪ್ರಶ್ನೆ: ನನ್ನ ತಮ್ಮನಿಗೆ 36 ವರ್ಷ, ಕುಡಿತದ ಅಭ್ಯಾಸವಿದೆ. ಹತ್ತು ದಿನ ಜ್ವರ, ಬಲಪಕ್ಕೆ ನೋವು. ಲಿವರಿನಲ್ಲಿ 9 ಸೆಂಟಿಮೀಟರ್ ಕೀವಿನ ಗೆಡ್ಡೆ ಇದೆ ಎಂದು ಸ್ಕ್ಯಾನ್ ನೋಡಿಕೊಂಡು ಪೈಪ್ ಹಾಕಿದ್ದಾರೆ. ಕೊಯ್ದು ತೆಗೆಯದೆ ಇಷ್ಟು ಕೀವು ಪೂರ್ತಿ ಹೋಗುತ್ತದೆಯೇ?
— ಓದುಗರು, ಅರಸೀಕೆರೆ

ಉತ್ತರ: ಹೋಗುತ್ತದೆ. ಲಿವರಿನ ಕೀವುಗಡ್ಡೆಗೆ ಹೊಟ್ಟೆ ತೆರೆಯುವುದು ಒಂದು ಕಾಲದಲ್ಲಿ ಸಾಮಾನ್ಯವಾಗಿತ್ತು. ಅಲ್ಟ್ರಾಸೌಂಡ್ ಬಂದ ಮೇಲೆ ಅದು ಅಪರೂಪವಾಯಿತು. ಚರ್ಮವನ್ನು ಮರಗಟ್ಟಿಸಿ, ಸ್ಕ್ಯಾನಿನಲ್ಲಿ ನೋಡುತ್ತಲೇ ಪಕ್ಕೆಲುಬುಗಳ ನಡುವೆ ಸೂಜಿ ಹಾಕಿ, ತುದಿ ಸುರುಳಿಯಾಗಿರುವ ಪಿಗ್‌ಟೇಲ್ ಎಂಬ ತೆಳು ಕೊಳವೆಯನ್ನು ಕೀವಿನೊಳಗೆ ಕೂರಿಸುತ್ತಾರೆ. ದಿನನಿತ್ಯ ಬರುವ ಕೀವನ್ನು ಅಳೆದು, ಅದು ಬಹುತೇಕ ನಿಂತು ಜ್ವರವೂ ಬಿಟ್ಟ ಮೇಲೆ ಕೊಳವೆ ತೆಗೆಯುತ್ತಾರೆ. ಗಡ್ಡೆ ಚಿಕ್ಕದಿದ್ದರೆ ಇದೂ ಬೇಕಾಗುವುದಿಲ್ಲ, ಔಷಧಿಯೇ ಸಾಕಾಗುತ್ತದೆ. ಎಡಭಾಗದಲ್ಲಿದ್ದರೆ ಮಾತ್ರ ಹೃದಯದ ಚೀಲಕ್ಕೆ ಒಡೆದುಕೊಳ್ಳುವ ಅಪಾಯವಿರುವುದರಿಂದ ಬೇಗ ಬರಿದು ಮಾಡುತ್ತಾರೆ.

ನಮ್ಮ ಕಡೆ ಕುಡಿತವಿರುವ ನಡುವಯಸ್ಸಿನ ಗಂಡಸರಲ್ಲಿ ಕಾಣುವುದು ಹೆಚ್ಚಾಗಿ ಅಮೀಬಾದ ಕೀವುಗಡ್ಡೆ. ಇದಕ್ಕೆ ಮೆಟ್ರೊನಿಡಜೋಲ್ ಔಷಧಿ ಕೊಡುತ್ತಾರೆ. ಆದರೆ ಆ ಕೋರ್ಸ್ ಮುಗಿದ ಮೇಲೆ ಕರುಳಿನಲ್ಲಿ ಉಳಿದ ಅಮೀಬಾವನ್ನು ಕೊಲ್ಲಲು ಇನ್ನೊಂದು ಔಷಧಿ, ಸಾಮಾನ್ಯವಾಗಿ ಡೈಲೊಕ್ಸನೈಡ್, ಬೇಕಾಗುತ್ತದೆ. ಮನೆಗೆ ಬರುವಾಗ ಈ ಎರಡನೆಯ ಔಷಧಿ ಬಿಟ್ಟುಹೋಗಿ, ಮತ್ತೆ ಅದೇ ಕಾಯಿಲೆಯಿಂದ ಬರುವವರನ್ನು ಕಂಡಾಗ ನನಗೆ ಬಹಳ ನೋವಾಗುತ್ತದೆ, ಏಕೆಂದರೆ ಅದು ತಪ್ಪಿಸಬಹುದಾಗಿದ್ದ ಕಷ್ಟ. ಕೀವು ಬ್ಯಾಕ್ಟೀರಿಯಾದಿಂದ ಆಗಿದ್ದರೆ ಆಂಟಿಬಯೋಟಿಕ್ ಅನ್ನು ಸುಮಾರು ನಾಲ್ಕರಿಂದ ಆರು ವಾರ ಮುಂದುವರಿಸಬೇಕು. ಸಕ್ಕರೆ ಕಾಯಿಲೆಯಿದೆಯೇ ಎಂದೂ ನೋಡಬೇಕು. ಜ್ವರ ಬಿಟ್ಟು ಊಟ ಸೇರುತ್ತಿದ್ದರೆ, ಮುಂದಿನ ಸ್ಕ್ಯಾನಿನಲ್ಲಿ ಗುಳಿ ಇನ್ನೂ ಕಂಡಿತೆಂದು ಹೆದರಬೇಡಿ. ಅದು ಮುಚ್ಚಿಕೊಳ್ಳಲು ತಿಂಗಳುಗಳೇ ಬೇಕು. ಕುಡಿತವನ್ನು ಮಾತ್ರ ಪೂರ್ತಿಯಾಗಿ ನಿಲ್ಲಿಸಬೇಕು, ಮತ್ತು ಕುಡಿಯುವ ನೀರನ್ನು ಮನೆಮಂದಿಯೆಲ್ಲ ಕುದಿಸಿ ಆರಿಸಿ ಕುಡಿಯಬೇಕು.

ಪ್ರಶ್ನೆ: ಮಗಳಿಗೆ 19 ವರ್ಷ. ಅಪೆಂಡಿಸೈಟಿಸ್ ಎಂದರು. ಪರೀಕ್ಷೆ ಹತ್ತಿರವಿದ್ದುದರಿಂದ ಆಪರೇಷನ್ ಬದಲು ಇಂಜೆಕ್ಷನ್ ಕೊಟ್ಟು ಗುಣಪಡಿಸಿದರು. ಇನ್ನು ಆಪರೇಷನ್ ಬೇಕಾಗುವುದಿಲ್ಲವೇ?
— ಓದುಗರು, ಕಳಸ

ಉತ್ತರ: ಬೇಕಾಗದಿರಬಹುದು, ಬೇಕಾಗಲೂಬಹುದು. ಫಿನ್ಲೆಂಡಿನಲ್ಲಿ ತೊಡಕಿಲ್ಲದ ಅಪೆಂಡಿಸೈಟಿಸ್ ಇದ್ದವರಿಗೆ ಆಂಟಿಬಯೋಟಿಕ್ ಮಾತ್ರ ಕೊಟ್ಟು ಐದು ವರ್ಷ ಗಮನಿಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ನೂರರಲ್ಲಿ ಸುಮಾರು 39 ಜನರಿಗೆ ಆ ಅವಧಿಯಲ್ಲಿ ಕಾಯಿಲೆ ಮರುಕಳಿಸಿತು, ಅದರಲ್ಲಿ ಹೆಚ್ಚಿನವರಿಗೆ ಮೊದಲ ವರ್ಷದಲ್ಲೇ. ಉಳಿದವರು ಆಪರೇಷನ್ ಇಲ್ಲದೆಯೇ ಇದ್ದರು. ಆ ಅಧ್ಯಯನಕ್ಕೆ ಸಿ.ಟಿ. ಸ್ಕ್ಯಾನ್ ಮಾಡಿಯೇ ರೋಗಿಗಳನ್ನು ಆಯ್ದಿದ್ದರು ಮತ್ತು ಅಪೆಂಡಿಕ್ಸಿನೊಳಗೆ ಗಟ್ಟಿಯಾದ ಮಲದ ಕಲ್ಲು ಇದ್ದವರನ್ನು ಹೊರಗಿಟ್ಟಿದ್ದರು, ಏಕೆಂದರೆ ಅಂಥವರಲ್ಲಿ ಔಷಧಿ ಸೋಲುವುದು ಹೆಚ್ಚು. ಮಗಳ ಸ್ಕ್ಯಾನ್ ವರದಿಯಲ್ಲಿ ಆ ಕಲ್ಲಿನ ಉಲ್ಲೇಖವಿದೆಯೇ ಎಂದು ಕೇಳಿ ತಿಳಿದುಕೊಳ್ಳಿ.

ಇದಕ್ಕೆ ಊರಿನ ದೂರವನ್ನೂ ಸೇರಿಸಿ ಯೋಚಿಸಬೇಕು ಎಂಬುದು ನನ್ನ ಅಭಿಪ್ರಾಯ. ಆಸ್ಪತ್ರೆಗೆ ಹತ್ತು ನಿಮಿಷದ ದಾರಿಯಿರುವವರು ಮತ್ತೆ ನೋವು ಬಂದರೆ ನೋಡೋಣ ಎಂದು ಇರಬಹುದು. ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಕಟ್ಟುವ ಕಡೆ ಇರುವವರಿಗೆ ಅಪೆಂಡಿಕ್ಸ್ ಒಡೆಯುವ ಅಪಾಯ ಮತ್ತು ತಲುಪಲು ತಗಲುವ ಹೊತ್ತು ಎರಡೂ ಸೇರಿಕೊಳ್ಳುತ್ತವೆ. ಪರೀಕ್ಷೆ ಮುಗಿದ ಮೇಲೆ, ಮಳೆಗಾಲಕ್ಕೆ ಮುಂಚೆ, ಒಮ್ಮೆ ಶಸ್ತ್ರಚಿಕಿತ್ಸಕರನ್ನು ಕಂಡು ಲ್ಯಾಪರೋಸ್ಕೋಪಿಯ ಬಗ್ಗೆ ಮಾತನಾಡಿ; ನಿರ್ಧಾರದಲ್ಲಿ ಮಗಳ ಮಾತೂ ಇರಲಿ.

ಪ್ರಶ್ನೆ: ನನಗೆ 34 ವರ್ಷ. ಎರಡು ವರ್ಷದಿಂದ ಮುದ್ದೆಯೂ ಇಳಿಯುವುದಿಲ್ಲ, ನೀರೂ ಎದೆಯಲ್ಲಿ ನಿಲ್ಲುತ್ತದೆ, ಮಲಗಿದರೆ ತಿಂದದ್ದು ಬಾಯಿಗೆ ಬರುತ್ತದೆ. ಗ್ಯಾಸ್ಟ್ರಿಕ್ ಎಂದು ಮಾತ್ರೆ ತಿಂದು ಸಾಕಾಯಿತು. ಈಗ ಅಕಲೇಸಿಯಾ ಎಂದು ಹೇಳಿ, ಬಲೂನ್, ಪೊಯೆಮ್, ಆಪರೇಷನ್ ಎಂಬ ಮೂರು ದಾರಿ ಇದೆ ಎನ್ನುತ್ತಾರೆ.
— ಓದುಗರು, ಚನ್ನರಾಯಪಟ್ಟಣ

ಉತ್ತರ: ಅನ್ನನಾಳದ ಕೆಳತುದಿಯ ಸ್ನಾಯು ನುಂಗುವಾಗ ಸಡಿಲವಾಗದೆ ಬಿಗಿದುಕೊಂಡೇ ಇರುವ ಕಾಯಿಲೆ ಇದು. ಘನ ಮತ್ತು ದ್ರವ ಎರಡೂ ಮೊದಲಿನಿಂದಲೇ ನಿಲ್ಲುವುದು ಇದರ ಗುರುತು. ಮೂರೂ ದಾರಿಗಳ ಗುರಿ ಆ ಬಿಗಿಯನ್ನು ಬಿಡಿಸುವುದೇ. ಬಲೂನಿನಲ್ಲಿ ಎಂಡೋಸ್ಕೋಪಿಯ ಮೂಲಕ ಸ್ನಾಯುವನ್ನು ಹಿಗ್ಗಿಸಿ ಸೀಳುತ್ತಾರೆ; ಖರ್ಚು ಕಡಿಮೆ, ಆದರೆ ಹಲವರಿಗೆ ಮತ್ತೆ ಮಾಡಬೇಕಾಗುತ್ತದೆ. ಸ್ನಾಯುವನ್ನು ಹೊರಗಿನಿಂದ ಕತ್ತರಿಸುವ ಹೆಲ್ಲರ್ ಶಸ್ತ್ರಚಿಕಿತ್ಸೆ 1913ರಿಂದ ಇದೆ, ಈಗ ಅದನ್ನು ಲ್ಯಾಪರೋಸ್ಕೋಪಿಯಲ್ಲಿ ಮಾಡುತ್ತಾರೆ. ಪೊಯೆಮ್ ಎಂಬುದನ್ನು ಜಪಾನಿನ ಹರುಹಿರೊ ಇನೂಯೆ 2008ರಲ್ಲಿ ಮೊದಲು ರೋಗಿಗಳ ಮೇಲೆ ಮಾಡಿದರು. ಇದರಲ್ಲಿ ಎಂಡೋಸ್ಕೋಪ್ ಅನ್ನನಾಳದ ಒಳಪದರದ ಕೆಳಗೆ ಸುರಂಗ ಮಾಡಿಕೊಂಡು ಹೋಗಿ ಒಳಗಿನಿಂದಲೇ ಸ್ನಾಯುವನ್ನು ಕತ್ತರಿಸುತ್ತದೆ, ಹೊರಗೆ ಗಾಯವೇ ಇರುವುದಿಲ್ಲ. ಗುಣವಾಗುವ ಪ್ರಮಾಣದಲ್ಲಿ ಪೊಯೆಮ್ ಮತ್ತು ಹೆಲ್ಲರ್ ಸರಿಸಮ ಎನ್ನಬಹುದು. ವ್ಯತ್ಯಾಸವಿರುವುದು ಆಮೇಲೆ: ಶಸ್ತ್ರಚಿಕಿತ್ಸೆಯಲ್ಲಿ ಆಮ್ಲ ಮೇಲೇರದಂತೆ ಜಠರವನ್ನು ಮಡಚಿ ಹೊಲಿಯುತ್ತಾರೆ, ಪೊಯೆಮ್‌ನಲ್ಲಿ ಅದಿಲ್ಲ; ಹಾಗಾಗಿ ಎದೆಯುರಿ ಮತ್ತು ಅದರ ಮಾತ್ರೆ ಹೆಚ್ಚು ಜನರಿಗೆ ಅಂಟಿಕೊಳ್ಳುತ್ತದೆ. ನಿಮ್ಮ ವಯಸ್ಸು ಚಿಕ್ಕದು, ಮುಂದೆ ದೀರ್ಘಕಾಲ ಬಾಳಬೇಕಾದವರು. ಈ ಒಂದು ಅಂಶವನ್ನು ವೈದ್ಯರ ಜೊತೆ ಬಿಡಿಸಿ ಮಾತನಾಡಿ. ಮೊದಲು ಅನ್ನನಾಳದೊಳಗಿನ ಒತ್ತಡ ಅಳೆಯುವ ಮ್ಯಾನೋಮೆಟ್ರಿ ಪರೀಕ್ಷೆ ಆಗಿದೆಯೇ ನೋಡಿ, ಏಕೆಂದರೆ ಅಕಲೇಸಿಯಾದಲ್ಲಿ ಮೂರು ಬಗೆಗಳಿದ್ದು, ಒಂದೊಂದು ಬಗೆ ಒಂದೊಂದು ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ.

ಇತರ ಓದುಗರಿಗೂ ಒಂದು ಮಾತು: ಘನ ಆಹಾರ ಮೊದಲು ನಿಂತು, ದಿನೇ ದಿನೇ ಹೆಚ್ಚಾಗುತ್ತಾ, ತೂಕವೂ ಇಳಿಯುತ್ತಿದ್ದರೆ, ವಿಶೇಷವಾಗಿ ಎಲೆಅಡಿಕೆ, ಹೊಗೆಸೊಪ್ಪು, ಬೀಡಿ ಅಭ್ಯಾಸವಿರುವವರಲ್ಲಿ, ಅದು ಕ್ಯಾನ್ಸರ್ ಇರಬಹುದು. ಅಂಥವರಿಗೆ ಗ್ಯಾಸ್ಟ್ರಿಕ್ ಮಾತ್ರೆಗಿಂತ ಮೊದಲು ಎಂಡೋಸ್ಕೋಪಿ ಆಗಬೇಕು.

ಪ್ರಶ್ನೆ: ಮೂಲವ್ಯಾಧಿಗೆ ರಬ್ಬರ್ ಬ್ಯಾಂಡ್ ಹಾಕಿದರೆ ಸಾಕೇ? ಹಾಗೆಯೇ ನಮ್ಮ ತಂದೆಯವರ ಹರ್ನಿಯಾಕ್ಕೆ ಬೆಲ್ಟ್ ಕಟ್ಟಿದರೆ ಗುಣವಾಗುತ್ತದೆಯೇ?
— ಓದುಗರು, ಹೊಳೆನರಸೀಪುರ

ಉತ್ತರ: ಒಳಮೂಲವ್ಯಾಧಿ ಹೊರಬಂದು ತಾನಾಗಿಯೇ ಅಥವಾ ಕೈಯಿಂದ ಒಳಹೋಗುವ ಹಂತದವರೆಗೆ ಬ್ಯಾಂಡ್ ಒಳ್ಳೆಯ ಚಿಕಿತ್ಸೆ, ಅರಿವಳಿಕೆ ಬೇಕಿಲ್ಲ, ಸಾಮಾನ್ಯವಾಗಿ ಅದೇ ದಿನ ಮನೆಗೆ ಹೋಗಬಹುದು. ಸದಾ ಹೊರಗೇ ಉಳಿದಿರುವ ಮೂಲವ್ಯಾಧಿಗೆ ಅದು ಸಾಲದು. ಆದರೆ ರಕ್ತ ಹೋಗುವುದೆಲ್ಲ ಮೂಲವ್ಯಾಧಿಯಲ್ಲ. 45 ದಾಟಿದವರು, ಮಲದ ರೂಢಿ ಬದಲಾದವರು, ರಕ್ತಹೀನತೆ ಇರುವವರು ಕೊಲೊನೋಸ್ಕೋಪಿ (ದೊಡ್ಡಕರುಳಿನ ಎಂಡೋಸ್ಕೋಪಿ) ಮಾಡಿಸದೆ ಬ್ಯಾಂಡ್ ಹಾಕಿಸಿಕೊಳ್ಳಬಾರದು. ಅಲ್ಲಿ ಪಾಲಿಪ್ ಕಂಡರೆ, ಬಹುಪಾಲನ್ನು ಅದೇ ಪರೀಕ್ಷೆಯಲ್ಲಿ ತಂತಿಯ ಕುಣಿಕೆ ಹಾಕಿ ತೆಗೆದುಬಿಡಬಹುದು. ಮುಂದೆ ಕ್ಯಾನ್ಸರ್ ಆಗಬಹುದಾದುದನ್ನು ಹೊಟ್ಟೆ ಮುಟ್ಟದೆ ತಡೆಯುವ ಚಿಕಿತ್ಸೆ ಅದು.

ಹರ್ನಿಯಾಕ್ಕೆ ಬೆಲ್ಟು ಮದ್ದಲ್ಲ. ಹೊಟ್ಟೆಯ ಗೋಡೆಯಲ್ಲಿ ಬಿದ್ದ ಕಿಂಡಿಯನ್ನು ಮಾತ್ರೆ, ಎಂಡೋಸ್ಕೋಪಿ ಯಾವುದೂ ಮುಚ್ಚುವುದಿಲ್ಲ, ಮೆಶ್ ಎಂಬ ಬಲೆ ಹಾಕುವ ಶಸ್ತ್ರಚಿಕಿತ್ಸೆಯೇ ಬೇಕು. ತಂದೆಯವರಿಗೆ ತೊಂದರೆಯೇನೂ ಇಲ್ಲದಿದ್ದರೆ ವೈದ್ಯರ ಸಲಹೆಯಂತೆ ಕಾಯಬಹುದು. ಗಂಟು ಗಟ್ಟಿಯಾಗಿ, ಒಳಹೋಗದೆ, ನೋವು ಮತ್ತು ವಾಂತಿ ಶುರುವಾದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ: ಅತ್ತೆಯವರಿಗೆ ಪಿತ್ತನಾಳದಲ್ಲಿ ದೊಡ್ಡ ಕಲ್ಲಿದೆ ಎಂದು ಇಆರ್‌ಸಿಪಿ ಮಾಡಿ ಸ್ಟೆಂಟ್ ಇಟ್ಟರು. ಕಾಮಾಲೆ ಇಳಿಯಿತು. ಮತ್ತೆ ಬರಲು ಹೇಳಿದ್ದರು, ಆರಾಮಾಗಿದ್ದಾರೆ ಎಂದು ಹೋಗಲಿಲ್ಲ. ಒಂದೂವರೆ ವರ್ಷವಾಯಿತು. ಹೋಗಲೇಬೇಕೇ? ಹಣದ ತೊಂದರೆಯೂ ಇದೆ.
— ಓದುಗರು, ತರೀಕೆರೆ

ಉತ್ತರ: ಹೋಗಲೇಬೇಕು, ಮತ್ತು ಈ ವಾರವೇ ಹೋಗಬೇಕು. ಕಲ್ಲು ಒಮ್ಮೆಗೇ ಬಾರದಿದ್ದಾಗ ಪಿತ್ತರಸ ಹರಿಯಲೆಂದು ಇಡುವುದು ಹೆಚ್ಚಾಗಿ ಪ್ಲಾಸ್ಟಿಕ್ ಸ್ಟೆಂಟ್, ಎಂದರೆ ಒಂದು ಸಣ್ಣ ಕೊಳವೆ. ಅದನ್ನು ಸುಮಾರು ಮೂರು ತಿಂಗಳೊಳಗೆ ತೆಗೆಯಬೇಕು ಅಥವಾ ಬದಲಾಯಿಸಬೇಕು. ಹಾಗೇ ಬಿಟ್ಟರೆ ಅದರೊಳಗೆ ಗಷ್ಟು ಕಟ್ಟಿ ಮುಚ್ಚಿಹೋಗುತ್ತದೆ, ಅದರ ಸುತ್ತಲೇ ಹೊಸ ಕಲ್ಲು ಬೆಳೆಯುತ್ತದೆ, ಕೆಲವೊಮ್ಮೆ ಜಾಗ ಬಿಟ್ಟು ಸರಿಯುತ್ತದೆ, ಕೊನೆಗೆ ನಾಳದಲ್ಲಿ ಸೋಂಕಾಗಿ ಜೀವಕ್ಕೇ ಕುತ್ತಾಗಬಹುದು. ನೋವಿಲ್ಲ ಎಂಬುದು ಸ್ಟೆಂಟ್ ಸರಿಯಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಹೊಟ್ಟೆ ಕೊಯ್ಯದ ಚಿಕಿತ್ಸೆಗಳಲ್ಲಿ ಅನೇಕವು ಹೀಗೆ ಎರಡು ಮೂರು ಕಂತುಗಳಲ್ಲಿ ಮುಗಿಯುವಂಥವು. ಮೊದಲ ಕಂತಿನಲ್ಲೇ ನೋವು ಹೋಗುವುದರಿಂದ ಉಳಿದದ್ದು ಮರೆತುಹೋಗುತ್ತದೆ. ಮನೆಯವರಲ್ಲಿ ಒಬ್ಬರು ಸ್ಟೆಂಟ್ ತೆಗೆಸುವ ದಿನವನ್ನು ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಳ್ಳಬೇಕೆಂದು ಇಂಥ ಎಲ್ಲ ಕುಟುಂಬಗಳಿಗೂ ಹೇಳುತ್ತೇನೆ.

ಹಣದ ವಿಷಯದಲ್ಲಿ: ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇಕಡಾ 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ ಸಿಗುತ್ತದೆ. ಮೊದಲು ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಗೆ ಹೋಗಿ. ಹಾಸನ ಜಿಲ್ಲೆಯವರಾದರೆ ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಾದ ಹಿಮ್ಸ್‌ಗೆ. ಆ ಚಿಕಿತ್ಸೆ ಅಲ್ಲಿ ಲಭ್ಯವಿಲ್ಲದಿದ್ದರೆ ರೆಫರಲ್ ಚೀಟಿ ಪಡೆದು, ಸ್ಟೆಂಟ್ ಇಟ್ಟ ಆಸ್ಪತ್ರೆಗೋ ಬೆಂಗಳೂರಿನ ವಿಕ್ಟೋರಿಯಾ ಆವರಣದಲ್ಲಿರುವ ಸರ್ಕಾರಿ ಗ್ಯಾಸ್ಟ್ರೋಎಂಟರಾಲಜಿ ಸಂಸ್ಥೆಗೋ ಹೋಗಬಹುದು. ಚೀಟಿಯಿಲ್ಲದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋದರೆ, ತುರ್ತು ಎಂದು ಗುರುತಿಸಿದ ಚಿಕಿತ್ಸೆಗಳ ಹೊರತು, ಯೋಜನೆ ಅನ್ವಯಿಸದೆ ಕೈಯಿಂದ ಕಟ್ಟಬೇಕಾಗಬಹುದು.

ಹೋಗುವಾಗ ಹಳೆಯ ಡಿಸ್ಚಾರ್ಜ್ ಸಾರಾಂಶ, ಇಆರ್‌ಸಿಪಿ ವರದಿ, ರೇಷನ್ ಕಾರ್ಡ್, ಆಧಾರ್ ಕಾರ್ಡ್, ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳು ಜೊತೆಗಿರಲಿ. ಸ್ಟೆಂಟ್ ಪ್ಲಾಸ್ಟಿಕ್ಕಿನದೋ ಲೋಹದ್ದೋ ಎಂಬುದು ಆ ವರದಿಯಲ್ಲಿ ಬರೆದಿರುತ್ತದೆ. ಕಾಗದ ಕಳೆದುಹೋಗಿದ್ದರೂ ಹೋಗುವುದನ್ನು ತಡಮಾಡಬೇಡಿ, ಸ್ಟೆಂಟ್ ಅನ್ನು ಒಂದು ಎಕ್ಸ್‌ರೇಯಲ್ಲೇ ಗುರುತಿಸಬಹುದು. ಹೊರಡುವುದರೊಳಗೆ ಅತ್ತೆಯವರಿಗೆ ಚಳಿಜ್ವರ ಬಂದರೆ ಅಥವಾ ಕಣ್ಣು ಮತ್ತೆ ಹಳದಿಯಾದರೆ, ಗೊತ್ತು ಮಾಡಿದ ದಿನಕ್ಕೆ ಕಾಯದೆ 108ಕ್ಕೆ ಕರೆ ಮಾಡಿ.